ಅಪ್ಪನ ಜಮೀನು ಬಿಟ್ಟು ರಸ್ತೆ ಪಕ್ಕ ಕಟ್ಟಿದ ಆಸ್ಪತ್ರೆ

ನಮ್ಮ ಹತ್ತು ಹಾಸಿಗೆಯ ಆಸ್ಪತ್ರೆಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಸಿಕ್ಕಿ ವರ್ಷದ ಮೇಲಾಯಿತು. ಸಂಬಳ, ಔಷಧ, ಬ್ಯಾಂಕಿನ ಕಂತು ಕಳೆದು ಈಗೀಗ ಕೈಯಲ್ಲಿ ಸ್ವಲ್ಪ ಉಳಿಯುತ್ತಿದೆ. ಶಿರಾ ತಾಲ್ಲೂಕಿನ ಹಳ್ಳಿಯಲ್ಲಿ ಇದು ನಡೆಯೋದಿಲ್ಲ ಅಂದವರಲ್ಲಿ ನನ್ನ ಬ್ಯಾಚಿನ ಡಾಕ್ಟರುಗಳೇ ಜಾಸ್ತಿ. ಕಟ್ಟಬೇಕೋ ಬೇಡವೋ ಅಂತ ತೀರ್ಮಾನ ಮಾಡಿದ್ದು ಹೇಗೆ ಅನ್ನೋದನ್ನಷ್ಟೇ ಬರೆಯುತ್ತೇನೆ. ಕಟ್ಟಡ ಕಟ್ಟೋದು ನಿಮಗೆಲ್ಲ ಗೊತ್ತಿರುವುದೇ.

ಅಪ್ಪನ ಪಾಲಿಗೆ ಬಂದ ಎರಡೂಕಾಲು ಎಕರೆ ಇತ್ತು, ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ಜಮೀನಿಗೆ ದುಡ್ಡು ಕೊಡಬೇಕಾಗಿಲ್ಲ, ಇನ್ನೇನು ಯೋಚನೆ ಅಂತ ಮನೆಯವರು. ಒಬ್ಬ ಸಲಹೆಗಾರರು 50 ಹಾಸಿಗೆಗೆ ಪ್ಲಾನ್ ಹಾಕಿ ನಾಲ್ಕು ಕೋಟಿ ಹತ್ತಿರ ಲೆಕ್ಕ ಕೊಟ್ಟರು. ಹೋಬಳಿಯ ಜನಸಂಖ್ಯೆ ಹಿಡಿದು ಮಾಡಿದ ಲೆಕ್ಕ ಅದು. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ ಪಿಎಚ್‌ಸಿ ಅನ್ನೋದು ಸರ್ಕಾರಕ್ಕೆ ಸರಿ. ಖಾಸಗಿ ಡಾಕ್ಟರ ಹತ್ತಿರ ಜನ ಹೋಬಳಿ ನೋಡಿಕೊಂಡು ಬರೋದಿಲ್ಲ, ಬಸ್ಸು ಹೋದ ಕಡೆ ಹೋಗುತ್ತಾರೆ.

ಅದಕ್ಕೇ ಮೊದಲು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮಳಿಗೆ ಬಾಡಿಗೆಗೆ ಹಿಡಿದೆ, ತಿಂಗಳಿಗೆ ನಾಲ್ಕು ಸಾವಿರವೋ ಏನೋ. ಹೊರರೋಗಿಗಳ (ಓಪಿಡಿ) ಪುಸ್ತಕದಲ್ಲಿ ಮೂರು ಕಾಲಂ ಜಾಸ್ತಿ ಹಾಕಿದೆ. ಯಾವ ಊರು, ಹೇಗೆ ಬಂದರು, ನಾನು ಮುಂದೆ ಎಲ್ಲಿಗೆ, ಯಾಕೆ ಕಳಿಸಿದೆ. ಈ ಮೂರನೇ ಕಾಲಮ್ಮೇ ನನ್ನ ದುಡ್ಡು ಉಳಿಸಿದ್ದು.

ಹೆರಿಗೆ ವಾರ್ಡ್ ಇಲ್ಲದೆ ಆಸ್ಪತ್ರೆ ನಡೆಯೋಲ್ಲ ಅಂತ ಎಲ್ಲರೂ ಹೇಳಿದ್ದರು. ಪುಸ್ತಕ ನೋಡಿದರೆ ಗರ್ಭಿಣಿಯರು ಆಗಲೇ ಸರ್ಕಾರಿ ಆಸ್ಪತ್ರೆಯ ತಾಯಿ ಕಾರ್ಡ್ ಇಟ್ಟುಕೊಂಡಿದ್ದರು. ನೋವು ಶುರುವಾದರೆ 108ಕ್ಕೆ ಫೋನ್, ಅಲ್ಲಿ ಖರ್ಚೂ ಇಲ್ಲ. ನಾನು ತುಮಕೂರಿಗೆ ಕಳಿಸುತ್ತಿದ್ದವರು ಬೇರೆಯವರು. ವಾಂತಿ ಭೇದಿಯ ಮಕ್ಕಳು, ಶುಗರ್ ಏರುಪೇರಾದ ವಯಸ್ಸಾದವರು, ಒಂದು ರಾತ್ರಿ ಡ್ರಿಪ್ ಹಾಕಿ ನೋಡಿಕೊಂಡರೆ ಸಾಕಾಗುವ ಜ್ವರದವರು. ಅಷ್ಟಕ್ಕೇ ಕಾರಿನ ಬಾಡಿಗೆ ಎರಡು ಸಾವಿರ ಕೊಡುತ್ತಿದ್ದರು, ಕೂಲಿ ಮಾಡುವವರು! ನೋಡಿ ಸಂಕಟ ಆಗುತ್ತಿತ್ತು. ಆಪರೇಷನ್ ಥಿಯೇಟರ್, ಹೆರಿಗೆ ಕೋಣೆ ಎರಡನ್ನೂ ಪ್ಲಾನ್‌ನಿಂದ ತೆಗೆಸಿದೆ. ಅರವತ್ತು ಲಕ್ಷದ ಮೇಲೆ ಉಳಿಯಿತು.

ನಡುವೆ ಸಂತೆಯ ದಿನ ಪುಕ್ಕಟೆ ಶುಗರ್ ಟೆಸ್ಟ್ ಮಾಡಿ ನೋಡಿದೆ. ಜನ ಮುಗಿಬಿದ್ದರು. ಸ್ಟ್ರಿಪ್‌ಗೇ ತಿಂಗಳಿಗೆ ಏಳೆಂಟು ಸಾವಿರ ಹೋಯಿತು. ಶುಗರ್ ಜಾಸ್ತಿ ಇದ್ದವರಲ್ಲಿ ಮತ್ತೆ ತೋರಿಸಿಕೊಳ್ಳಲು ಬಂದವರು ಕಾಲು ಭಾಗವೂ ಇಲ್ಲ. ಹಾಗೆ ಮತ್ತೆ ಬಂದವರು ಸಂತೆ ಬಿಟ್ಟು ಬೇರೆ ದಿನವೂ ಬಸ್ಸು ಇರುವ ಊರಿನವರೇ. ಯಾವ ಹಳ್ಳಿಗಳನ್ನು ನನ್ನ ಲೆಕ್ಕದಿಂದ ತೆಗೆಯಬೇಕು ಅಂತ ಅದರಿಂದ ಗೊತ್ತಾಯಿತು.

ಇನ್ನು ಜಮೀನು. ಅಪ್ಪನ ಹೊಲದಲ್ಲಿ ಬೋರ್ ಕೊರೆಸಿದೆ. ಎಂಟುನೂರು ಅಡಿವರೆಗೂ ಬರೀ ಧೂಳು, ಒಂದೂವರೆ ಲಕ್ಷ ಹೋಯಿತು. ಪಂಪ್‌ಸೆಟ್ ಲೈನಿನಲ್ಲಿ ತ್ರೀ ಫೇಸ್ ಬರೋದು ದಿನಕ್ಕೆ ಏಳು ಗಂಟೆ, ಅದರಲ್ಲೂ ಸ್ವಲ್ಪ ರಾತ್ರಿ ಹೊತ್ತು. ಎಕ್ಸ್‌ರೇ ಯಂತ್ರ ನಡೆಸೋದು ಹೇಗೆ? ಬೇರೆ ಲೈನು, ಟಿಸಿ (ಟ್ರಾನ್ಸ್‌ಫಾರ್ಮರ್) ಅಂತ ಕೇಳಿದರೆ ಹತ್ತು ಲಕ್ಷದ ಹತ್ತಿರ ಅಂದರು. ಕೊನೆಗೆ ಆ ಜಾಗ ಬೇಡ ಅನ್ನಿಸಿದ್ದು ಆಸ್ಪತ್ರೆ ಕಸದ ಗಾಡಿಯಿಂದ. 2016ರ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ 75 ಕಿಲೋಮೀಟರ್ ಒಳಗೆ ಸಾಮೂಹಿಕ ಕಸ ಸಂಸ್ಕರಣಾ ಘಟಕ ಇದ್ದರೆ ನಾವೇ ಗುಂಡಿ ತೋಡಿ ಹೂಳುವಂತಿಲ್ಲ. 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತೆಯೂ ಇಲ್ಲ. ಗಾಡಿಯವರು ಮುಖ್ಯ ರಸ್ತೆ ಬಿಟ್ಟು ಒಳಗೆ ಬರೋಲ್ಲ ಅಂದುಬಿಟ್ಟರು. ಆಮೇಲೆ ನಾನು ಆ ಗಾಡಿ ಓಡಾಡುವ ರಸ್ತೆಯಲ್ಲೇ ಜಾಗ ಹುಡುಕಿದೆ.

ಒಂದು ಅಗ್ಗದ ಜಾಗ ಸಿಕ್ಕಿತು. ಪಹಣಿ ಚೆನ್ನಾಗಿಯೇ ಇತ್ತು. ಮೂಲ ಮಂಜೂರಾತಿ ಕಡತ ತೆಗೆಸಿದರೆ ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಕೊಟ್ಟಿದ್ದ ಜಮೀನು. ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಇರುವಾಗ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮುಟ್ಟಬಾರದು, ಮುಟ್ಟುವುದು ನ್ಯಾಯವೂ ಅಲ್ಲ. ಬಿಟ್ಟೆ. ಕಡೆಗೆ ಇಪ್ಪತ್ತು ಗುಂಟೆ, ಮೂವತ್ತು ಲಕ್ಷದ ಆಸುಪಾಸು. ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು) ಆಗುವವರೆಗೆ ಬ್ಯಾಂಕಿನವರು ಸಾಲದ ಮಾತೇ ಎತ್ತಲಿಲ್ಲ. ಎಲ್ಲ ಸೇರಿ ಒಂದೂಕಾಲು ಕೋಟಿಯೊಳಗೆ ಮುಗಿಸಿದೆ. ನಮ್ಮ ಕಡೆ ಈ ದುಡ್ಡಿಗೆ ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ರಾತ್ರಿ ಎಷ್ಟು ರೋಗಿಗಳು ಬರಬಹುದು ಅಂತ ಮೊದಲೇ ತಿಳಿಯಲು ಮೆಡಿಕಲ್ ಶಾಪಿನವರನ್ನು ಒಂದು ಪ್ರಶ್ನೆ ಕೇಳುತ್ತಿದ್ದೆ. ಅದನ್ನು ಇಲ್ಲಿ ಬರೆಯೋಲ್ಲ, ಪಕ್ಕದ ತಾಲ್ಲೂಕಿನಲ್ಲಿ ಇನ್ನೂ ಅದರ ಕೆಲಸ ಇದೆ.

ಈಗ ಡಯಾಲಿಸಿಸ್ ಹಾಕಿ ಡಾಕ್ಟ್ರೇ ಅಂತ ಊರಿನವರು ಕೇಳುತ್ತಿದ್ದಾರೆ. ಒಬ್ಬರಿಗೆ ನಾಲ್ಕು ಗಂಟೆಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ನಮ್ಮ ಗಡಸು ನೀರನ್ನು ಆರ್‌ಓಗೆ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಹೊರಗೇ ಹೋಗುತ್ತದೆ. ಬೋರ್‌ಗೆ (ಆಸ್ಪತ್ರೆ ಜಾಗದ್ದು) ಮೀಟರ್ ಕೂರಿಸಿದ್ದೇನೆ. ಏಪ್ರಿಲ್, ಮೇನಲ್ಲೂ ನೀರು ಸಾಕಾದರೆ ಎರಡು ಯಂತ್ರ ತರುತ್ತೇನೆ, ಇಲ್ಲವಾದರೆ ಇಲ್ಲ.