ಸಾಲ್ಜ್‌ಬರ್ಗ್: ಭಾನುವಾರ ಬೆಳಿಗ್ಗೆ 10 ಗಂಟೆಗೆ

ಜರ್ಮನಿಯ ಮ್ಯೂನಿಕ್‌ನಿಂದ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ತುಂಬಾ ಜನ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುತ್ತಾರೆ. ಸಂಗೀತ ರಚನಕಾರ ಮೊಜಾರ್ಟ್ ಹುಟ್ಟಿದ ಮನೆ, ಬೆಟ್ಟದ ಮೇಲಿನ ಕೋಟೆ, ಮಿರಾಬೆಲ್ ತೋಟದಲ್ಲಿ ನಾಲ್ಕು ಫೋಟೊ. ಮುಗಿಯಿತು. ನಾನು ಮಾತ್ರ ಶನಿವಾರ ಹೋಗಿ ರಾತ್ರಿ ಅಲ್ಲೇ ಉಳಿದೆ. ಭಾನುವಾರ ಬೆಳಿಗ್ಗೆ 10 ಗಂಟೆಗೆ ಕೆಥೆಡ್ರಲ್‌ನಲ್ಲಿ, ಅಂದರೆ ಊರಿನ ಮುಖ್ಯ ಚರ್ಚ್‌ನಲ್ಲಿ, ಸಂಗೀತದೊಂದಿಗೆ ನಡೆಯುವ ಬಲಿಪೂಜೆ ಕೇಳಬೇಕು ಅನ್ನೋದೊಂದೇ ಕಾರಣ.

ಯಾವ ಭಾನುವಾರ ಯಾರ ಸಂಗೀತ ಅನ್ನೋದನ್ನು ಕೆಥೆಡ್ರಲ್‌ನವರು ತಮ್ಮ ವೆಬ್‌ಸೈಟ್‌ನಲ್ಲಿ ಮೊದಲೇ ಹಾಕುತ್ತಾರೆ. ಮೊಜಾರ್ಟ್‌ನ ಕೃತಿ ಇರುವ ವಾರ ನೋಡಿಕೊಂಡು, ಆಮೇಲೆ ರೂಮು ಬುಕ್ ಮಾಡಿದೆ. ಮ್ಯೂನಿಕ್‌ನಿಂದ ಲೋಕಲ್ ರೈಲಿನಲ್ಲಿ ಸುಮಾರು ಎರಡು ಗಂಟೆ ದಾರಿ. ಜರ್ಮನಿಯ ಬವೇರಿಯಾ ರಾಜ್ಯದ ರೈಲುಗಳಿಗೆ ಸಿಗುವ ಬಯರ್ನ್ ಟಿಕೆಟ್ ಗಡಿ ದಾಟಿ ಸಾಲ್ಜ್‌ಬರ್ಗ್ ಸ್ಟೇಷನ್ನಿನವರೆಗೂ ನಡೆಯುತ್ತದೆ. ಆದರೆ ಅದು ಒಂದು ದಿನದ ಟಿಕೆಟ್, ರಾತ್ರಿ ಉಳಿದರೆ ಮರುದಿನಕ್ಕೆ ಇನ್ನೊಂದು ಬೇಕು. ಪಾಸ್‌ಪೋರ್ಟ್ ಜೊತೆಗಿರಲಿ. ವಾಪಸ್ ಬರುವಾಗ ಜರ್ಮನ್ ಪೊಲೀಸರು ರೈಲು ಹತ್ತಿ ನೋಡುವುದುಂಟು.

ಈ ಊರಿಗೆ ದುಡ್ಡು ಬಂದದ್ದು ಉಪ್ಪಿನಿಂದ. ಹತ್ತಿರದ ಹಾಲೈನ್‌ನ ಗಣಿಯ ಉಪ್ಪು ನದಿಯಲ್ಲಿ ದೋಣಿ ಹತ್ತಿ ಹೋಗುತ್ತಿತ್ತು. 1803ರವರೆಗೆ ಇಲ್ಲಿ ಆಳಿದವರು ಆರ್ಚ್‌ಬಿಷಪ್‌ಗಳು. ಅಂದರೆ ರಾಜನೂ ಅವರೇ, ಧರ್ಮಗುರುವೂ ಅವರೇ. 1598ರಲ್ಲಿ ಹಳೆಯ ಕೆಥೆಡ್ರಲ್‌ಗೆ ಬೆಂಕಿ ಬಿದ್ದಾಗ ಆಗಿನ ಆರ್ಚ್‌ಬಿಷಪ್ ವೋಲ್ಫ್ ಡೀಟ್ರಿಚ್ ರಿಪೇರಿ ಗೋಜಿಗೆ ಹೋಗದೆ ಅದನ್ನು ಕೆಡವಿಸಿಯೇಬಿಟ್ಟ. ಇಟಲಿ ಕಡೆಯ ಸಾಂಟಿನೊ ಸೋಲಾರಿ ಕಟ್ಟಿದ ಹೊಸದು 1628ರಲ್ಲಿ ಪ್ರತಿಷ್ಠೆಯಾಯಿತು. ಬಾಗಿಲುಗಳ ಮೇಲೆ 774, 1628, 1959 ಎಂಬ ಮೂರು ವರ್ಷ ಬರೆದಿದೆ. ಮೊದಲನೆಯದು ಇಲ್ಲಿನ ಮೊಟ್ಟಮೊದಲ ಕೆಥೆಡ್ರಲ್‌ನದು, ಕೊನೆಯದು ಯುದ್ಧದ ಲೆಕ್ಕ. 1944ರಲ್ಲಿ ಬಾಂಬ್ ಬಿದ್ದು ಗುಮ್ಮಟ ಕುಸಿದಿತ್ತು, ಸರಿಮಾಡಿ ಮತ್ತೆ ತೆರೆದದ್ದು 1959ರಲ್ಲಿ.

ಒಳಗೆ ಹೋದವರು ಮೊದಲು ನೋಡುವುದು ಚಾವಣಿಯ ಚಿತ್ರಗಳನ್ನು. ನಾನು ಹೇಳುವುದು, ಗುಮ್ಮಟದ ಕೆಳಗಿನ ನಾಲ್ಕು ಕಂಬಗಳನ್ನು ನೋಡಿ. ಒಂದೊಂದು ಕಂಬಕ್ಕೂ ಒಂದೊಂದು ಬಾಲ್ಕನಿ, ಒಂದೊಂದರಲ್ಲೂ ಒಂದು ಆರ್ಗನ್, ಅಂದರೆ ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ವಾದ್ಯ. ದೊಡ್ಡ ಆರ್ಗನ್ ಹಿಂದೆ, ಬಾಗಿಲ ಮೇಲಿದೆ. ಹಾಡುವವರನ್ನೂ ನುಡಿಸುವವರನ್ನೂ ಈ ಬಾಲ್ಕನಿಗಳಿಗೆ ಹಂಚಿ ನಿಲ್ಲಿಸುತ್ತಿದ್ದರು. 1682ರ ಉತ್ಸವಕ್ಕೆ ಇಲ್ಲಿನ ಆಸ್ಥಾನ ಸಂಗೀತಗಾರ ಬೀಬರ್ ಬರೆದ ಎಂದು ವಿದ್ವಾಂಸರು ಹೇಳುವ ಒಂದು ಮಾಸ್‌ನಲ್ಲಿ (ಬಲಿಪೂಜೆಗೆಂದು ಬರೆದ ಸಂಗೀತಕ್ಕೆ ಹಾಗೆನ್ನುತ್ತಾರೆ) ಹಾಡುವವರಿಗೂ ನುಡಿಸುವವರಿಗೂ ಸೇರಿ 53 ಬೇರೆ ಬೇರೆ ಸ್ವರಭಾಗಗಳಿವೆ! ಅಷ್ಟನ್ನು ಒಂದೇ ವೇದಿಕೆ ಮೇಲೆ ತುರುಕಿದರೆ ಬರೀ ಗದ್ದಲ. ನಾಲ್ಕೂ ದಿಕ್ಕಿನಿಂದ ಬಂದರೆ ಮಾತೇ ಬೇರೆ.

ನನಗೆ ಪಾಶ್ಚಾತ್ಯ ಸಂಗೀತದ ಪಾಠ ಆಗಿಲ್ಲ. ಕಿವಿ ಬೆಳೆದದ್ದು ರಾಮನವಮಿ ಕಚೇರಿಗಳಲ್ಲಿ. ಆ ದಿನ ಇದ್ದದ್ದು ಮೊಜಾರ್ಟ್ 1779ರಲ್ಲಿ ಬರೆದ ‘ಕೊರೊನೇಷನ್ ಮಾಸ್’. ಆ ವರ್ಷ ಅವನು ಇಲ್ಲಿನ ಆರ್ಚ್‌ಬಿಷಪ್ಪರ ಆಸ್ಥಾನದ ಆರ್ಗನ್ ವಾದಕ. ಮೊದಲ ಮಾತನ್ನು ಎಲ್ಲರೂ ಒಟ್ಟಿಗೆ ಜೋರಾಗಿ ಹಾಡಿ ತಟ್ಟನೆ ನಿಲ್ಲಿಸುತ್ತಾರೆ. ಹಾಡು ನಿಂತರೂ ದನಿ ನಿಲ್ಲುವುದಿಲ್ಲ, ಗುಮ್ಮಟದೊಳಗೆ ಏರುತ್ತಾ ಹೋಗುತ್ತದೆ. ಅದು ಇಳಿಯುವಷ್ಟರಲ್ಲಿ ಮುಂದಿನ ಸಾಲು. ಹೆಡ್‌ಫೋನ್‌ನಲ್ಲಿ ಕೇಳಿದ್ದಾಗ ಆ ನಿಲುಗಡೆ ಯಾಕೆ ಅಂತ ಗೊತ್ತಾಗಿರಲಿಲ್ಲ. ನಮ್ಮ ಚುರುಕಿನ ಸ್ವರಕಲ್ಪನೆ ಅಲ್ಲಿ ಹಾಡಿದರೆ ಮಳೆಯಲ್ಲಿ ನೆನೆದ ರಂಗೋಲಿ ಆಗಿಬಿಡುತ್ತದೆ. ಆ ಕಟ್ಟಡದ ಪ್ರತಿಧ್ವನಿಗೂ ಒಂದು ಜಾಗ ಬಿಟ್ಟೇ ಅವನು ಬರೆದಿದ್ದಾನೆ, ಅಲ್ವಾ?

ಇನ್ನೊಂದು ವಿಷಯ ಉದ್ದ. ಆಗಿನ ಆರ್ಚ್‌ಬಿಷಪ್ ಕೊಲೊರೆಡೊಗೆ ಪೂಜೆಯನ್ನು ಉದ್ದಕ್ಕೆ ಎಳೆಯುವುದು ಹಿಡಿಸುತ್ತಿರಲಿಲ್ಲ. ಎಷ್ಟೇ ದೊಡ್ಡ ಪೂಜೆಯಾದರೂ ಮುಕ್ಕಾಲು ಗಂಟೆ ಮೀರುವಂತಿಲ್ಲ ಎಂದು ಮೊಜಾರ್ಟ್ 1776ರ ಒಂದು ಪತ್ರದಲ್ಲಿ ಗೊಣಗಿದ್ದಾನೆ. ಇಬ್ಬರಿಗೂ ಸರಿಹೋಗದೆ 1781ರಲ್ಲಿ ಅವನು ಕೆಲಸ ಬಿಟ್ಟು ವಿಯೆನ್ನಾದಲ್ಲಿ ನಿಂತ. ನನ್ನ ಕೇಳಿದರೆ ಆ ಕಟ್ಟುಪಾಡಿನಿಂದ ಸಂಗೀತಕ್ಕೆ ಲಾಭವೇ ಆಗಿದೆ. ಒಂದು ಸ್ವರವೂ ಸುಮ್ನೆ ಬಂದಂತೆ ಅನಿಸಲಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಪೂಜೆಗೆ ಟಿಕೆಟ್ ಇಲ್ಲ, ಕ್ರೈಸ್ತರಲ್ಲದವರೂ ಕೂರಬಹುದು. ಎಲ್ಲರೂ ಎದ್ದಾಗ ಎದ್ದರೆ ಸಾಕು, ಪ್ರಸಾದದ ಸಾಲಿಗೆ ಮಾತ್ರ ಹೋಗಬಾರದು. ಫೋನ್ ಜೇಬಿನಲ್ಲೇ ಇರಲಿ. ನಾನು ಅರ್ಧ ಗಂಟೆ ಮುಂಚೆ ಹೋಗಿ ಗುಮ್ಮಟದ ಹತ್ತಿರ ಕೂತೆ. ಹಿಂದಿನ ಸಾಲುಗಳಲ್ಲಿ ದನಿ ಮಸುಕಾಗುತ್ತದೆ.

ಮಧ್ಯಾಹ್ನ ಡೋಂಕ್ವಾರ್ಟಿಯರ್ ಮ್ಯೂಸಿಯಂ ಟಿಕೆಟ್ ತಗೊಂಡೆ. ಆರ್ಚ್‌ಬಿಷಪ್ಪರ ಅರಮನೆಯ ಕೋಣೆಗಳನ್ನು ದಾಟಿ ದೊಡ್ಡ ಆರ್ಗನ್ ಇರುವ ಅಟ್ಟಕ್ಕೇ ಕರೆದೊಯ್ಯುವ ದಾರಿ ಅದು. ಬೆಳಿಗ್ಗೆ ಕೂತ ಜಾಗ ಮೇಲಿನಿಂದ ಕಾಣುತ್ತದೆ.

ಮೊಜಾರ್ಟ್ ಹುಟ್ಟಿದ ಗೆಟ್ರೈಡೆಗಾಸ್ಸೆ 9ನೇ ನಂಬರಿನ ಮನೆಯಲ್ಲಿ ಅವನು ಚಿಕ್ಕಂದಿನಲ್ಲಿ ನುಡಿಸಿದ ಪಿಟೀಲು ಇದೆ. ಅದೊಂದನ್ನು ಬಿಟ್ಟರೆ ನೂಕುನುಗ್ಗಲೇ ಜಾಸ್ತಿ. ಟೈಮ್ ಕಮ್ಮಿ ಇದ್ದರೆ ಅದನ್ನು ಬಿಟ್ಟು ಸೇಂಟ್ ಪೀಟರ್ ಚರ್ಚ್‌ಗೆ ಹೋಗಿ. 1783ರ ಅಕ್ಟೋಬರ್ 26ರಂದು ಅವನ ಸಿ ಮೈನರ್ ಮಾಸ್ ಮೊದಲು ಹಾಡಿದ್ದು ಅಲ್ಲಿ. ಹೆಂಡತಿ ಕಾನ್‌ಸ್ಟಾಂಟ್ಸೆ ಕೂಡ ಹಾಡಿದ್ದಳು. ಪಕ್ಕದ ಸ್ಮಶಾನದಲ್ಲಿ ಅಕ್ಕ ನ್ಯಾನರ್ಲ್ ಇದ್ದಾಳೆ. ಅವಳೂ ದೊಡ್ಡ ಪಿಯಾನೊ ವಾದಕಿಯೇ, ಆದರೆ ಈ ಊರಿನಲ್ಲಿ ಮಾರುವ ಚಾಕೊಲೇಟ್ ಮೇಲೆ ಇರುವುದು ತಮ್ಮನ ಚಿತ್ರ, ಅವಳದಲ್ಲ.

ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಸಾಲ್ಜ್‌ಬರ್ಗ್ ಫೆಸ್ಟಿವಲ್. 1920ರಿಂದ ನಡೆಯುತ್ತಿದೆ. ಒಪೆರಾ ಟಿಕೆಟ್ ಸಿಗದೆ ಇದ್ದರೆ ಆ ಸಮಯ ಬೇಡ, ರೂಮಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಯಾವಾಗ ಹೋದರೂ ಕೊಡೆ ಇರಲಿ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ರೈಲ್ವೆ ಸ್ಟೇಷನ್ನಿನ ಸೂಪರ್‌ಮಾರ್ಕೆಟ್ ತೆರೆದಿರುತ್ತದೆ. ಸಸ್ಯಾಹಾರಿಗಳು ಕಾಸ್‌ನೊಕೆನ್ ಕೇಳಿ, ಹಿಟ್ಟಿನ ಸಣ್ಣ ಉಂಡೆಗಳಿಗೆ ಚೀಸ್ ಕರಗಿಸಿ ಮೇಲೆ ಹುರಿದ ಈರುಳ್ಳಿ ಹಾಕಿರುತ್ತಾರೆ. ಹಿಟ್ಟಿಗೆ ಮೊಟ್ಟೆ ಬಿದ್ದಿರುತ್ತದೆ, ಅದೂ ಬೇಡ ಅನ್ನುವವರು ಮೊದಲೇ ವಿಚಾರಿಸಿ.