ಹಲ್ಲಿನ ಸೆರಾಮಿಕ್ ಕ್ಯಾಪ್ ಕಳಚದಂತೆ ಅಂಟಿಸುವುದು ಹೇಗೆ?

ಅಂಟಿಸಿದ ದಿನ ಎಲ್ಲ ಕ್ಯಾಪ್‌ಗಳೂ ಗಟ್ಟಿಯಾಗಿಯೇ ಕೂತಿರುತ್ತವೆ. ಅವುಗಳ ಬಂಡವಾಳ ಹೊರಬೀಳುವುದು ವರ್ಷ ಒಪ್ಪತ್ತು ಕಳೆದ ಮೇಲೆ. ಬಾಯಿ ಹಗಲಿರುಳೂ ಒದ್ದೆಯಾಗಿರುವ ಜಾಗ. ಬಿಸಿ ಚಹಾ, ಬೆನ್ನಿಗೇ ತಣ್ಣೀರು, ಊಟಕ್ಕೆ ಖಡಕ್ ರೊಟ್ಟಿ. ಸೆರಾಮಿಕ್ ಮತ್ತು ಅದನ್ನು ಹಲ್ಲಿಗೆ ಅಂಟಿಸುವ ರೆಸಿನ್ ಸಿಮೆಂಟ್ ನಡುವಿನ ಬಂಧವನ್ನು ಸಡಿಲಿಸುವುದರಲ್ಲಿ ದೊಡ್ಡ ಪಾಲು ನೀರಿನದೇ. ಆದ್ದರಿಂದಲೇ ಪ್ರಯೋಗಾಲಯಗಳಲ್ಲಿ ಅಂಟಿಸಿದ ಮಾದರಿಗಳನ್ನು 5 ಮತ್ತು 55 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸಾವಿರಾರು ಬಾರಿ ಅದ್ದಿ ತೆಗೆದು, ಆಮೇಲೆ ಜಗ್ಗಿ ನೋಡುತ್ತಾರೆ. ಸುಮಾರು 10,000 ಸುತ್ತುಗಳು ಬಾಯಿಯೊಳಗಿನ ಒಂದು ವರ್ಷಕ್ಕೆ ಸಮ ಎಂಬುದು ರೂಢಿಯಲ್ಲಿರುವ ಅಂದಾಜು.

ಕೆಲಸ ವೈದ್ಯರದು, ನಿಜ. ಆದರೆ ಕುರ್ಚಿಯಲ್ಲಿ ಬಾಯಿ ತೆರೆದು ಕೂರುವವರಿಗೂ ಅದರ ಕ್ರಮ ತಿಳಿದಿರಲಿ.

ಮೊದಲು, ವಸ್ತು ಯಾವುದೆಂದು ಕೇಳಿ

ಗಾಜಿನಂಶ ಇರುವ ಸೆರಾಮಿಕ್ ಒಂದು ಬಗೆ: ಹಳೆಯ ಪೋರ್ಸಲೀನ್, ಲಿಥಿಯಂ ಡೈಸಿಲಿಕೇಟ್ ಇದಕ್ಕೆ ಸೇರುತ್ತವೆ. ಗಾಜಿನಂಶ ಇಲ್ಲದ ಝಿರ್ಕೋನಿಯಾ ಇನ್ನೊಂದು ಬಗೆ. ಒಂದಕ್ಕೆ ನಡೆಯುವ ಉಪಚಾರ ಇನ್ನೊಂದಕ್ಕೆ ನಡೆಯುವುದಿಲ್ಲ. ಕೈಗೆ ಕೊಡುವ ವಾರಂಟಿ ಕಾರ್ಡನ್ನು ಓದಿ ನೋಡಿ. ಕ್ಯಾಪ್ ಒಡೆದರೆ ಏನೆಂದು ಅದರಲ್ಲಿ ಇರಬಹುದು, ಅಂಟು ಬಿಟ್ಟರೆ ಏನೆಂದು ಇರುವುದು ಅನುಮಾನ.

ಗಾಜಿನಂಶದ ಸೆರಾಮಿಕ್ ಆದರೆ

ಕ್ಯಾಪಿನ ಒಳಮೈಗೆ, ಗಾಜನ್ನು ಕರಗಿಸಿ ಒರಟು ಮಾಡುವ ಹೈಡ್ರೋಫ್ಲೋರಿಕ್ ಆಮ್ಲ ಹಚ್ಚಬೇಕು. ಲಿಥಿಯಂ ಡೈಸಿಲಿಕೇಟ್‌ಗೆ ಶೇ 5ರ ಆಮ್ಲ 20 ಸೆಕೆಂಡ್ ಸಾಕು. ಪೋರ್ಸಲೀನ್‌ಗೆ ಒಂದು ನಿಮಿಷವೋ ಇನ್ನೂ ಸ್ವಲ್ಪ ಹೆಚ್ಚೋ ಬೇಕಾಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಗಟ್ಟಿ ಎಂಬ ಲೆಕ್ಕ ಇಲ್ಲಿ ಸಲ್ಲದು, ಸೆರಾಮಿಕ್ಕೇ ದುರ್ಬಲವಾಗುತ್ತದೆ. ತೊಳೆದು ಒಣಗಿಸಿದ ಮೇಲೆ ಒಳಮೈ ಹೊಳಪು ಕಳೆದುಕೊಂಡು ಮಂಜುಗಾಜಿನಂತೆ ಬೆಳ್ಳಗಾಗಬೇಕು. ಎಲ್ಲಾದರೂ ಮಿನುಗುತ್ತಿದ್ದರೆ ಅಲ್ಲಿ ಆಮ್ಲ ತಾಗಿಲ್ಲ. ಇದು ಬಲು ಅಪಾಯಕಾರಿ ಆಮ್ಲ. ಬಾಯಿಯ ಹೊರಗೇ, ಕೈಗವಸು ತೊಟ್ಟು ಬಳಸಬೇಕು. ಮೈಗೆ ತಾಗಿದರೆ ಹಚ್ಚಲು ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಪಕ್ಕದಲ್ಲೇ ಇರಬೇಕು.

ಆಮೇಲೆ ಸಿಲೇನ್ ಎಂಬ ಬೆಸುಗೆಯ ದ್ರಾವಣ. ಇದರ ಅಣುವಿನ ಒಂದು ತುದಿ ಗಾಜಿನ ಸಿಲಿಕಾವನ್ನು ಹಿಡಿಯುತ್ತದೆ, ಇನ್ನೊಂದು ತುದಿ ರೆಸಿನ್ ಜೊತೆ ಬೆಸೆದುಕೊಳ್ಳುತ್ತದೆ. ತೆಳುವಾಗಿ ಹಚ್ಚಿ, ಒಂದು ನಿಮಿಷ ಬಿಟ್ಟು, ದ್ರಾವಕ ಪೂರ್ತಿ ಆರುವವರೆಗೆ ಗಾಳಿ ಊದಬೇಕು. ದಪ್ಪಗೆ ಬಳಿದರೆ ಆ ಪದರವೇ ಮುಂದೆ ನೀರಿಗೆ ದಾರಿಯಾಗುತ್ತದೆ. ನಮ್ಮ ಕಡೆಯ ಚಿಕಿತ್ಸಾಲಯಗಳು ವಿಶೇಷವಾಗಿ ಗಮನಿಸಬೇಕಾದದ್ದು ಸಿಲೇನ್ ಬಾಟಲಿಯನ್ನು. ಬಳ್ಳಾರಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮುಚ್ಚಳ ತೆರೆದಿಟ್ಟರೆ ಅದರಲ್ಲಿನ ಆಲ್ಕೊಹಾಲ್ ಹಾರಿಹೋಗುತ್ತದೆ, ದ್ರಾವಣ ಕೆಡುತ್ತದೆ. ಮಬ್ಬಾಗಿ ಕಂಡ ಬಾಟಲಿಯನ್ನು ಅವಧಿ ಮುಗಿಯದಿದ್ದರೂ ಎಸೆಯುವುದೇ ಲೇಸು.

ಝಿರ್ಕೋನಿಯಾ ಆದರೆ

ಇದಕ್ಕೆ ಆ ಆಮ್ಲ ಹಚ್ಚಿ ಪ್ರಯೋಜನವಿಲ್ಲ, ಕರಗಲು ಗಾಜೇ ಇಲ್ಲ. ಸುಮಾರು 50 ಮೈಕ್ರಾನ್ ಅಲ್ಯುಮಿನಾ ಪುಡಿಯನ್ನು 1ರಿಂದ 2 ಬಾರ್‌ನಷ್ಟು ಕಡಿಮೆ ಒತ್ತಡದಲ್ಲಿ ಒಳಮೈಗೆ ಸಿಡಿಸಿ ಒರಟು ಮಾಡಬೇಕು. ನಂತರ ಎಂಡಿಪಿ ಎಂಬ ರಾಸಾಯನಿಕ ಇರುವ ಪ್ರೈಮರ್, ಅಂದರೆ ಸಿಮೆಂಟಿಗೆ ಮುಂಚೆ ಹಚ್ಚುವ ದ್ರಾವಣ. ಜಪಾನಿನ ಕುರಾರೆ ಕಂಪನಿ 1981ರಲ್ಲಿ ರೂಪಿಸಿದ ಈ ಅಣುವಿನ ಫಾಸ್ಫೇಟ್ ತುದಿ ಝಿರ್ಕೋನಿಯಾವನ್ನು ಕಚ್ಚಿ ಹಿಡಿಯುತ್ತದೆ.

ಹಲವರು ಎಡವುವುದು ಇಲ್ಲಿಯೇ. ಅಳತೆ ನೋಡಲೆಂದು ಕ್ಯಾಪನ್ನು ಬಾಯಿಗಿಟ್ಟು ತೆಗೆದಾಗ ಜೊಲ್ಲಿನಲ್ಲಿರುವ ಫಾಸ್ಫೇಟ್ ಮೊದಲೇ ಹೋಗಿ ಎಂಡಿಪಿಯ ಜಾಗ ಹಿಡಿದಿರುತ್ತದೆ. ನೀರಿನಲ್ಲಿ ತೊಳೆದರೆ ಅದು ಹೋಗುವುದಿಲ್ಲ. ಫಾಸ್ಫೋರಿಕ್ ಆಮ್ಲದಿಂದ ತೊಳೆದರೆ ಇನ್ನಷ್ಟು ಫಾಸ್ಫೇಟನ್ನು ಕರೆತಂದು ಕೂರಿಸಿದಂತೆ. ಅದಕ್ಕೆಂದೇ ಇರುವ ಕ್ಲೀನಿಂಗ್ ಪೇಸ್ಟ್ ಬಳಸಬೇಕು, ಇಲ್ಲವೇ ಅಳತೆ ನೋಡಿದ ಮೇಲೆಯೇ ಪುಡಿ ಸಿಡಿಸಬೇಕು. ಹಾಗೆಂದು ಎಲ್ಲ ಝಿರ್ಕೋನಿಯಾಕ್ಕೂ ಇಷ್ಟೆಲ್ಲ ಬೇಕೆಂದಿಲ್ಲ. ಅರೆದ ಹಲ್ಲಿಗೆ ಸಾಕಷ್ಟು ಎತ್ತರವಿದ್ದರೆ ರೆಸಿನ್ ಬದಲು ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟೂ ನಡೆಯುತ್ತದೆ.

ಹಲ್ಲಿನ ಕಡೆಯ ಸಿದ್ಧತೆ

ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನೇ ಕುಡಿದು ಬೆಳೆದವರು ಹಲ್ಲಿನ ಕಂದು ಕಲೆ ಮುಚ್ಚಲು ಮದುವೆಗೆ ಮುಂಚೆ ವಿನಿಯರ್, ಅಂದರೆ ಹಲ್ಲಿನ ಮುಂಬದಿಗೆ ಅಂಟಿಸುವ ತೆಳು ಸೆರಾಮಿಕ್ ಹೊದಿಕೆ, ಕೇಳಿಕೊಂಡು ಬರುತ್ತಾರೆ. ಫ್ಲೋರೈಡ್ ಹೀರಿದ ಎನಾಮಲ್‌ನ (ಹಲ್ಲಿನ ಗಟ್ಟಿ ಹೊರಕವಚದ) ಹೊರಪದರ, ಅಂಟು ಹಿಡಿಯಲೆಂದು ಹಚ್ಚುವ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಆ ಪದರವನ್ನು ತುಸು ಉಜ್ಜಿ ತೆಗೆಯಬೇಕು, ಇಲ್ಲವೇ ಶೇ 37ರ ಫಾಸ್ಫೋರಿಕ್ ಆಮ್ಲವನ್ನು ವಾಡಿಕೆಗಿಂತ ಹೆಚ್ಚು ಹೊತ್ತು ಬಿಡಬೇಕು. ಎನಾಮಲ್ ದಾಟಿ ಅದರ ಒಳಗಿನ ಪದರವಾದ ಡೆಂಟಿನ್‌ವರೆಗೆ ಅರೆದರೆ ಬಂಧದ ಬಾಳಿಕೆ ಕುಗ್ಗುತ್ತದೆ. ನಾಲ್ಕು ದಿನದ ತಾತ್ಕಾಲಿಕ ಕ್ಯಾಪಿಗೆ ಲವಂಗದೆಣ್ಣೆಯ ಯೂಜಿನಾಲ್ ಇರುವ ಸಿಮೆಂಟ್ ಬೇಡ. ಅದು ರೆಸಿನ್ ಗಟ್ಟಿಯಾಗುವುದನ್ನೇ ತಡೆಯುತ್ತದೆ. ಅಂಟಿಸುವಾಗ ಜೊಲ್ಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ರಬ್ಬರ್ ಹಾಳೆ ಕಟ್ಟಿದರೆ ಉಸಿರುಗಟ್ಟುತ್ತದೆಂದು ಹಟ ಮಾಡಬೇಡಿ, ಮೂಗಿನಿಂದ ಉಸಿರಾಡಿ.

ಅಂಟಿಸುವಾಗ, ಅಂಟಿಸಿದ ಮೇಲೆ

ತೆಳು ವಿನಿಯರ್‌ಗೆ ಬೆಳಕಿನಿಂದಷ್ಟೇ ಗಟ್ಟಿಯಾಗುವ ಸಿಮೆಂಟ್ ಸಾಕು. ದಪ್ಪ ಕ್ಯಾಪಿನೊಳಗೆ ಬೆಳಕು ಸಾಲದು, ಬೆಳಕಿಲ್ಲದೆಡೆಯೂ ಗಟ್ಟಿಯಾಗುವ ಡ್ಯುಯಲ್ ಕ್ಯೂರ್ ಸಿಮೆಂಟ್ ಬೇಕು. ಅಂಚಿಗೆ ಗ್ಲಿಸರಿನ್ ಜೆಲ್ ಹಚ್ಚಿ ಕೊನೆಯ ಸುತ್ತು ಬೆಳಕು ಹಾಯಿಸುವುದು ಒಳ್ಳೆಯದು. ಗಾಳಿಯ ಆಮ್ಲಜನಕ ತಾಗಿದ ಮೇಲ್ಪದರ ಅರೆಬೆಂದಂತೆ ಉಳಿಯುತ್ತದೆ, ನೀರು ನುಗ್ಗುವುದು ಆ ಅಂಚಿನಿಂದಲೇ. ಡ್ಯುಯಲ್ ಕ್ಯೂರ್ ಸಿಮೆಂಟ್ ಮರುದಿನದವರೆಗೂ ಗಟ್ಟಿಯಾಗುತ್ತಲೇ ಇರುತ್ತದೆ. ಅಷ್ಟು ಹೊತ್ತು ಅನ್ನ, ಮೆತ್ತನೆಯ ರೊಟ್ಟಿ ಇರಲಿ; ಖಡಕ್ ರೊಟ್ಟಿ, ಅಡಿಕೆ ಬೇಡ. ಮುಂದೆ ಹಲ್ಲಿಗೆ ಫ್ಲೋರೈಡ್ ಜೆಲ್ ಹಚ್ಚುವ ಸಂದರ್ಭ ಬಂದರೆ ಸೆರಾಮಿಕ್ ಕ್ಯಾಪ್ ಇದೆಯೆಂದು ಹೇಳಿ. ಆಮ್ಲೀಯ ಜೆಲ್ ಅದರ ಮೈಯನ್ನು ತಿನ್ನುತ್ತದೆ, ತಟಸ್ಥ ಜೆಲ್ ಕೇಳಿ.

ಇಷ್ಟಾಗಿಯೂ ಕಳಚಿತೇ? ಫೆವಿಕ್ವಿಕ್ ಹಾಕಿ ಮನೆಯಲ್ಲೇ ಕೂರಿಸಿಕೊಳ್ಳುವ ಸಾಹಸ ಬೇಡ. ಕ್ಯಾಪನ್ನು ಕೆರೆಯದೆ, ಉಜ್ಜದೆ ಪುಟ್ಟ ಡಬ್ಬಿಯಲ್ಲಿಟ್ಟು ತನ್ನಿ. ಸಿಮೆಂಟೆಲ್ಲ ಹಲ್ಲಿನ ಮೇಲೆ ಉಳಿದು ಕ್ಯಾಪಿನ ಒಳಮೈ ಬರಿದಾಗಿದ್ದರೆ ಸೆರಾಮಿಕ್ ಕಡೆಯ ಕೆಲಸದಲ್ಲಿ ಲೋಪವಾಗಿದೆ. ಸಿಮೆಂಟ್ ಕ್ಯಾಪಿನೊಂದಿಗೇ ಬಂದಿದ್ದರೆ ಹಲ್ಲಿನ ಕಡೆ ನೋಡಬೇಕು. ಕೆರೆದು ತಂದ ಕ್ಯಾಪಿನಲ್ಲಿ ಈ ಗುರುತು ಉಳಿದಿರುವುದಿಲ್ಲ.