1956ರ ಶುಗರ್ ಬೌಲ್ ಪಂದ್ಯವನ್ನು ಅಭ್ಯಾಸ ಮಾಡುವ ಕ್ರಮ

ಶುಗರ್ ಬೌಲ್ ಎಂಬುದು ಅಮೆರಿಕದ ಕಾಲೇಜು ಫುಟ್‌ಬಾಲ್‌ನ, ಅಂದರೆ ಚೆಂಡನ್ನು ಕೈಯಲ್ಲಿ ಹೊತ್ತು ಓಡುವ ಆಟದ, ವಾರ್ಷಿಕ ಪಂದ್ಯ. 1956ರ ಈ ಪಂದ್ಯದ ಬಗ್ಗೆ ಬರೆಯಲು ಅಥವಾ ಪಾಠ ಹೇಳಲು ಹೊರಟವರು ಫಲಿತಾಂಶವನ್ನು ಮೊದಲು ಬದಿಗಿಡಬೇಕು. 1956ರ ಜನವರಿ 2ರಂದು ನ್ಯೂ ಆರ್ಲಿಯನ್ಸ್‌ನ ಟುಲೇನ್ ಕ್ರೀಡಾಂಗಣದಲ್ಲಿ ಜಾರ್ಜಿಯಾ ಟೆಕ್ ತಂಡವು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡವನ್ನು 7–0ರಿಂದ ಸೋಲಿಸಿತು ಎಂದಷ್ಟೇ ಓದಿದರೆ, ಪಿಟ್ಸ್‌ಬರ್ಗ್‌ನ ಬಾಬಿ ಗ್ರಿಯರ್ ಅಂದು ಮೈದಾನಕ್ಕೆ ಇಳಿದದ್ದರ ತೂಕ ಅರಿವಾಗುವುದಿಲ್ಲ. ಶುಗರ್ ಬೌಲ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಅವರು.

ಆದ್ದರಿಂದ ಪಂದ್ಯಕ್ಕೆ ಹಿಂದಿನ ಒಂದು ತಿಂಗಳ ದಿನಾಂಕಗಳನ್ನು ಹಾಳೆಯೊಂದರ ಮೇಲೆ ಸಾಲಾಗಿ ಬರೆದುಕೊಳ್ಳಿ. 1955ರ ಡಿಸೆಂಬರ್ 1ರಂದು ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲು ಒಪ್ಪದೆ ಬಂಧನಕ್ಕೊಳಗಾದರು. ಮರುದಿನವೇ ಜಾರ್ಜಿಯಾದ ಗವರ್ನರ್ ಮಾರ್ವಿನ್ ಗ್ರಿಫಿನ್, ಕಪ್ಪು ಆಟಗಾರನಿರುವ ಈ ಪಂದ್ಯವನ್ನು ತಮ್ಮ ರಾಜ್ಯದ ತಂಡ ಆಡಕೂಡದೆಂದು ಉನ್ನತ ಶಿಕ್ಷಣದ ಆಡಳಿತ ಮಂಡಳಿಗೆ ತಂತಿ ಕಳುಹಿಸಿದರು. ಈ ತಂತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಜನಾಂಗದ ವಿಷಯದಲ್ಲಿ ಮೈದಾನದಲ್ಲಿ ಮಣಿಯುವುದಕ್ಕೂ ತರಗತಿಯಲ್ಲಿ ಮಣಿಯುವುದಕ್ಕೂ ವ್ಯತ್ಯಾಸವಿಲ್ಲ ಎಂಬುದು ಅದರ ವಾದ. ಶಾಲೆಗಳಲ್ಲಿ ಜನಾಂಗೀಯ ಪ್ರತ್ಯೇಕತೆ ಸಂವಿಧಾನಬಾಹಿರವೆಂದು 1954ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಭಯವೇ ಅಲ್ಲಿ ಫುಟ್‌ಬಾಲ್‌ನ ಹೆಸರಿನಲ್ಲಿ ಮಾತನಾಡುತ್ತಿದೆ.

ಬಳಿಕ ಜಾರ್ಜಿಯಾದ ರಾಜಧಾನಿ ಅಟ್ಲಾಂಟಾದ ಬೀದಿಗೆ ಬನ್ನಿ. ಜಾರ್ಜಿಯಾ ಟೆಕ್‌ನ ವಿದ್ಯಾರ್ಥಿಗಳು ಗವರ್ನರರ ಪ್ರತಿಕೃತಿ ಸುಟ್ಟು, ಶಾಸನಭವನದತ್ತ, ಅಲ್ಲಿಂದ ಅವರ ನಿವಾಸದತ್ತ ಮೆರವಣಿಗೆ ಹೋದರು. ಅವರೆಲ್ಲರನ್ನೂ ಸಮಾನತೆಯ ಹೋರಾಟಗಾರರೆಂದು ಚಿತ್ರಿಸುವ ಆಸೆಯನ್ನು ತಡೆದುಕೊಳ್ಳಿ, ಏಕೆಂದರೆ ಹಲವರಿಗೆ ಬೇಕಿದ್ದದ್ದು ತಮ್ಮ ತಂಡದ ಪಂದ್ಯವಷ್ಟೆ. ಕೊನೆಗೆ ಮಂಡಳಿ ಆಟಕ್ಕೆ ಅನುಮತಿ ನೀಡಿತು.

ಈಗ ಆಟಕ್ಕೆ ಬರಬಹುದು. ಎಸೆದ ಚೆಂಡನ್ನು ಹಿಡಿಯಲು ಓಡುವ ಎದುರಾಳಿಯನ್ನು ಚೆಂಡು ತಲುಪುವ ಮುನ್ನ ತಳ್ಳಕೂಡದು ಎಂಬ ನಿಯಮವನ್ನು ಮೊದಲೇ ವಿವರಿಸಿಬಿಡಿ, ಇಲ್ಲವಾದರೆ ಓದುಗರಿಗೆ ಪಂದ್ಯದ ಒಂದೇ ನಿರ್ಣಾಯಕ ಗಳಿಗೆ ಅರ್ಥವಾಗದು. ಮೊದಲ ಕಾಲುಭಾಗದಲ್ಲಿ ಅಂಪೈರ್‌ಗಳು ಇದೇ ತಪ್ಪನ್ನು ಗ್ರಿಯರ್ ಮೇಲೆ ಹೊರಿಸಿದರು. ಅದರ ದಂಡವಾಗಿ ಚೆಂಡು ಗೋಲಿನ ಗೆರೆಯಿಂದ ಕೇವಲ 1 ಗಜ ದೂರಕ್ಕೆ ಬಂತು, ಜಾರ್ಜಿಯಾ ಟೆಕ್‌ನ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ನಡೆಸುವ ಆಟಗಾರ) ವೇಡ್ ಮಿಚೆಲ್ ಅದನ್ನು ಹೊತ್ತು ಗೆರೆ ದಾಟಿ ಅಂಕ ಗಳಿಸಿದರು. ತನ್ನನ್ನೇ ತಳ್ಳಲಾಯಿತು ಎಂದು ಗ್ರಿಯರ್ ಹೇಳಿದರು. ಆ ಮಾತನ್ನು ತೀರ್ಪಿನ ಪಕ್ಕದಲ್ಲೇ ಬರೆಯಿರಿ. ಅಂದು ಚೆಂಡು ಹಿಡಿದು ಎಲ್ಲರಿಗಿಂತ ಹೆಚ್ಚು, 51 ಗಜ ಓಡಿದವರೂ ಅವರೇ ಎಂಬುದನ್ನು ಬಿಡಬೇಡಿ.

ಪಂದ್ಯ ಮುಗಿಯಿತೆಂದು ಲೇಖನಿ ಕೆಳಗಿಡಬಾರದು. 1956ರ ಜುಲೈಯಲ್ಲಿ ನ್ಯೂ ಆರ್ಲಿಯನ್ಸ್ ಇರುವ ಲೂಯಿಸಿಯಾನ ರಾಜ್ಯವು ಬಿಳಿಯರೂ ಕಪ್ಪು ಜನರೂ ಒಟ್ಟಿಗೆ ಆಡುವುದನ್ನೇ ಕಾನೂನಿನ ಮೂಲಕ ನಿಷೇಧಿಸಿತು, 1959ರಲ್ಲಿ ಆ ಕಾನೂನು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಹಾಳೆಯ ಕೊನೆಯ ಸಾಲಿನಲ್ಲಿ 1965ರ ಜನವರಿ 1 ಇರಲಿ: ಅಂದು ಸಿರಾಕ್ಯೂಸ್ ವಿಶ್ವವಿದ್ಯಾಲಯದ ತಂಡದ ಜೊತೆಗೆ ಕಪ್ಪು ಆಟಗಾರರು ಶುಗರ್ ಬೌಲ್‌ಗೆ ಮರಳಿದರು, ಗ್ರಿಯರ್ ಆಡಿ ಒಂಬತ್ತು ವರ್ಷಗಳಾದ ಮೇಲೆ.